ಸೋರುವ ತಾಮ್ರ

ಆ ಮಾತು ತಪ್ಪು ಬಾಯಿಂದ ಹೊರಬಿತ್ತು.

ರವಿವಾರ ಮಧ್ಯಾಹ್ನ, ಭೇಟಿಯ ಹೊತ್ತು. ತ್ರಿವೇಣಿ ಅಣ್ಣನ ಹಾಸಿಗೆಯ ಪಕ್ಕದಲ್ಲಿ ಕೂತು ಅವನ ಉಗುರು ಕತ್ತರಿಸುತ್ತಿದ್ದಳು. ಗದಿಗೆಪ್ಪನ ದೇಹ ಎರಡು ವರ್ಷದಿಂದ ಅಲುಗಿರಲಿಲ್ಲ. ಮೆದುಳಿನ ಬುಡದಲ್ಲಿ ರಕ್ತನಾಳವೊಂದು ಕಟ್ಟಿಕೊಂಡು, ಕೈಕಾಲು, ನಾಲಿಗೆ, ಕೊನೆಗೆ ಕಣ್ಣರೆಪ್ಪೆ ಕೂಡ ಅವನ ಹಿಡಿತ ತಪ್ಪಿಸಿಕೊಂಡಿದ್ದವು. ಒಳಗೆ ಮಾತ್ರ ಅವನು ಪೂರ್ತಿ ಎಚ್ಚರವಾಗಿದ್ದ. ಪರದೆಯ ಆಚೆಯ ಹಾಸಿಗೆಯಲ್ಲಿ ಅದೇ ಸ್ಥಿತಿಯ ಜುಲೇಖಾ ಟೀಚರ್ ಇದ್ದರು. ಸವಣೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಲೇ ತಲೆ ನೆರೆಸಿಕೊಂಡವರು. ಅವರ ಮಗಳು ರೇಷ್ಮಾ ತಾಯಿಯ ಕೂದಲು ಬಾಚುತ್ತಿದ್ದಳು.

"ನಾನು ಆರಾಮಾಗಿದ್ದೇನೆ. ನೀನು ಹೊರಡು, ಬಸ್ಸು ತಪ್ಪೀತು," ಎಂದು ಟೀಚರ ಮನಸ್ಸಿನ ಮಾತನ್ನು ಹೊರಡಿಸುವ, ತಲೆದಿಂಬಿನ ಪಕ್ಕದ ಸ್ಪೀಕರು ಹೇಳಿತು.

ಅದು ಮುಗಿಯುವ ಮೊದಲೇ ಗದಿಗೆಪ್ಪನ ಸ್ಪೀಕರು ಅವನದೇ ಗಡಸು ದನಿಯಲ್ಲಿ ಮಾತಾಡಿತು: "ರೇಷ್ಮಾ, ನನಗೆ ಸಾಕಾಗಿದೆ. ಇನ್ನು ಬೇಡ. ಇದನ್ನು ನಿನ್ನೆದುರು ಹೇಗೆ ಹೇಳಲಿ, ಮಗಳೇ."

ಪರದೆಯಾಚೆ ಬಾಚಣಿಗೆ ನಿಂತಿತು. ಮರುಗಳಿಗೆಯಲ್ಲಿ ರೇಷ್ಮಾ ಪರದೆ ಸರಿಸಿ ಬಂದು ನಿಂತಳು.

"ಏನಂದ್ರು ಅವ್ರು?"

"ನಿದ್ದಿಗಣ್ಣಾಗ ಏನೋ ಅಂದಿರಬೇಕ್ರಿ," ಎಂದಳು ತ್ರಿವೇಣಿ.

"ನನ್ನ ಹೆಸರ ಹಿಡದು ಕರದ್ರು. ಮಗಳೇ ಅಂದ್ರು."

"ಪರದೆ ತೆಳ್ಳಗೈತಿ. ದಿನಾ ನಿಮ್ಮ ಮಾತು ಕೇಳಿರ್ತಾನ."

ಹೇಳಿದ ಮಾತನ್ನು ತ್ರಿವೇಣಿಯೇ ನಂಬಲಿಲ್ಲ. ಅವಳ ಅಣ್ಣ ಹುಬ್ಬಳ್ಳಿ–ಧಾರವಾಡ ಬಸ್ಸಿನ ಕಂಡಕ್ಟರ್ ಆಗಿದ್ದವನು. ಬಸ್ಸುಗಳಲ್ಲಿ ಕಂಡಕ್ಟರುಗಳನ್ನೇ ತೆಗೆದುಹಾಕಿ ಬಾಗಿಲಿಗೊಂದು ಟಿಕೆಟ್ ಯಂತ್ರ ಕೂರಿಸುವ ಮುಂಚಿನ ಕೊನೆಯ ತಂಡದವನು. 'ಒಳಗ ಸರೀರಿ, ಹೊಟ್ಟಿ ಒಳಗ ತಗೋರಿ' ಎಂದು ಒದರಿ ಒದರಿ ಗಂಟಲು ಒಡೆದುಕೊಂಡವನು. 'ಹೇಗೆ ಹೇಳಲಿ' ಎಂಬ ಪುಸ್ತಕದ ಮಾತು ಅವನ ಬಾಯಲ್ಲಿ ಹುಟ್ಟಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ರೇಷ್ಮಾ ಮರುದಿನವೇ ದೂರು ಕೊಟ್ಟಳು.

ತ್ರಿವೇಣಿ ಆ ನರಚೇತನ ಕೇಂದ್ರದ ಜಾಲ ವಿಭಾಗದ ಎಂಜಿನಿಯರು. ಅಣ್ಣ ಬಿದ್ದದ್ದು ಅವಳು ಕೆಲಸಕ್ಕೆ ಸೇರಿದ ಮೇಲೆ. ಅವನಿಗೆ ಇಲ್ಲಿ ಹಾಸಿಗೆ ಸಿಕ್ಕಿದ್ದೂ ಆ ಕಾರಣಕ್ಕೇ. ರೋಗಿಗಳ ತಲೆಬುರುಡೆಯ ಕೆಳಗೆ ಕೂದಲೆಳೆಯಂಥ ಬೆಳ್ಳಿಯ ಜಾಲರಿಯೊಂದನ್ನು ಹಾಸುತ್ತಿದ್ದರು. ಮನುಷ್ಯ ಮಾತಾಡಬೇಕೆಂದುಕೊಂಡಾಗ ಮೆದುಳಿನಲ್ಲಿ ಏಳುವ ಅಲೆಯನ್ನು ಆ ಜಾಲರಿ ಹಿಡಿದುಕೊಳ್ಳುತ್ತಿತ್ತು. ಅಲೆ ಕೇಬಲ್ಲಿನಲ್ಲಿ ಓಡಿ ಓಣಿಯ ಕೊನೆಯ ಯಂತ್ರಕೋಣೆ ಸೇರಿದರೆ, ಅಲ್ಲಿನ ಗಣಕ ಅದಕ್ಕೆ ತಕ್ಕ ಶಬ್ದ ಹುಡುಕಿ ಸ್ಪೀಕರಿಗೆ ಕೊಡುತ್ತಿತ್ತು. ಅದೇ ಹೊತ್ತಿಗೆ 'ನಾನೇ ಮಾತಾಡಿದೆ' ಎಂಬ ಅನುಭವ ಇನ್ನೊಂದು ತಂತಿಯಲ್ಲಿ ಮೆದುಳಿಗೆ ವಾಪಸು ಬರುತ್ತಿತ್ತು. ಆ ವಾಪಸು ದಾರಿ ಇಲ್ಲದಿದ್ದರೆ ರೋಗಿಗಳು ಕೆಲವೇ ದಿನಗಳಲ್ಲಿ ಮಾತಿನ ಆಸೆಯನ್ನೇ ಬಿಟ್ಟುಬಿಡುತ್ತಿದ್ದರು.

ಕೇಬಲ್ಲು ಮಾತ್ರ ಹೊಸದೇನಲ್ಲ. ಯಾವ ಆಫೀಸಿನಲ್ಲೂ ಕಂಪ್ಯೂಟರುಗಳನ್ನು ಜೋಡಿಸುವ ಸಾದಾ ತಾಮ್ರದ ಕೇಬಲ್ಲು. ಒಳಗೆ ಎರಡೆರಡಾಗಿ ಹೆಣೆದ ಎಂಟು ತಂತಿ. ಕಂಪ್ಯೂಟರಿನ ಮಾತು ಅದರಲ್ಲಿ ಅಂಕಿಗಳಾಗಿ ಹೋಗುತ್ತದೆ. ನಡುವೆ ಕೆಟ್ಟರೆ ಆಚೆಯ ಯಂತ್ರ 'ಇನ್ನೊಮ್ಮೆ ಕಳಿಸು' ಎನ್ನುತ್ತದೆ. ಮನಸ್ಸಿನ ಅಲೆಯನ್ನು ಹಾಗೆ ಅಂಕಿಗಳಾಗಿ ಕತ್ತರಿಸಿ ಮತ್ತೆ ಹೊಲಿದರೆ ಆಗುವ ಸಣ್ಣ ತಡವೇ ಅನುಭವವನ್ನು ಒಡೆದುಬಿಡುತ್ತಿತ್ತು. ಹಾಗಾಗಿ ಅಲೆಯನ್ನು ಇದ್ದಂತೆಯೇ, ಹಸಿಹಸಿಯಾಗಿ ತಾಮ್ರಕ್ಕೆ ಬಿಟ್ಟಿದ್ದರು.

ತ್ರಿವೇಣಿ ಏಣಿ ಹತ್ತಿ ಓಣಿಯ ಸೂರಿನ ಹಲಗೆ ತೆಗೆದಳು. ಕೇಬಲ್ಲು ಎಳೆದ ಗುತ್ತಿಗೆದಾರ ಅಣ್ಣನ ಮತ್ತು ಟೀಚರ ಕೇಬಲ್ಲುಗಳನ್ನು ಒಟ್ಟಿಗೆ ಸೇರಿಸಿ, ಉದ್ದಕ್ಕೂ ಪ್ಲಾಸ್ಟಿಕ್ ಪಟ್ಟಿ ಬಿಗಿದು, ಜಡೆ ಹಾಕಿದ ಹಾಗೆ ಕಟ್ಟಿಬಿಟ್ಟಿದ್ದ. ತುದಿಗಳಲ್ಲಿ ತಂತಿಯ ಹೆಣಿಗೆಯನ್ನು ಬೇಕಾದ್ದಕ್ಕಿಂತ ಉದ್ದ ಬಿಚ್ಚಿದ್ದ. ಅವಳು ಮೀಟರು ಹಚ್ಚಿದಳು. ಒಂದರ ಅಲೆ ಇನ್ನೊಂದಕ್ಕೆ ಧಾರಾಳವಾಗಿ ಸೋರುತ್ತಿತ್ತು.

"ಹಿಂದಕ ಮನಿ ಫೋನಿನ್ಯಾಗ ನಡುನಡುವ ಬ್ಯಾರೆಯವ್ರ ಮಾತು ಕೇಳತಿತ್ತಲ್ಲ ಸರ್, ಹಂಗ," ಎಂದು ನಿರ್ದೇಶಕ ಡಾಕ್ಟರ್ ಕಟ್ಟಿಯವರಿಗೆ ಹೇಳಿದಳು.

ಕಟ್ಟಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದ್ರ ಟೀಚರ್ ಮನಸ್ಸಿನ ಮಾತು ನಿಮ್ಮ ಅಣ್ಣನ ಬಾಯಾಗ ಬರಲಿಕ್ಕತ್ತದ ಅಂತೀರೇನು?"

"ಹೌದ್ರಿ. ಬರೇ ಅಷ್ಟ ಅಲ್ಲ. ವಾಪಸು ತಂತಿನೂ ಸೋರತಾವು. ಅವ್ರಿಗಿವರು, ಇವ್ರಿಗವರು ಒಳಗಿಂದೊಳಗ ಕೇಳಸ್ತಿರಬೇಕು."

"ಇದು ಭಾಳ ಕೆಟ್ಟ ಆತು." ಅವರು ಕಿಟಕಿಯತ್ತ ತಿರುಗಿದರು. "ಮಾತಾಡಲಿಕ್ಕೆ ಆಗದವ್ರಿಗೆ ಮನಸ್ಸೊಂದರ ತಮ್ಮದಿತ್ತು. ಅದರ ಗ್ವಾಡಿನೂ ನಾವ ಕೆಡವಿದ್ವಲ್ಲ. ಯಾವ ಕೇಬಲ್ ಹಾಕಿದ್ರ ಸೋರೂದಿಲ್ಲ, ಹೇಳ್ರಿ ನನಗ."

ತ್ರಿವೇಣಿ ಎರಡು ದಿನ ಕೂತು ಮೂರು ಬಗೆಯ ಕೇಬಲ್ಲುಗಳನ್ನು ತೂಗಿ ನೋಡಿದಳು. ಹೆಣೆದ ತಾಮ್ರ ಅಗ್ಗ, ಹೇಳಿದಂತೆ ಬಗ್ಗುತ್ತದೆ, ಯಾರು ಬೇಕಾದರೂ ಜೋಡಿಸಬಹುದು. ಆದರೆ ಎಷ್ಟು ಹೆಣೆದರೂ ಪಕ್ಕದವನ ಮಾತಿಗೆ ಕಿವಿಗೊಡುವುದು ಅದರ ಸ್ವಭಾವ. ಏಕಾಕ್ಷ ಕೇಬಲ್ಲು, ಜನ ಹಳೆಯ ಟೀವಿಯ ಕೇಬಲ್ಲು ಎಂದು ಗುರುತಿಸುವಂಥದ್ದು, ನಡುವೆ ಒಂದೇ ತಂತಿ, ಸುತ್ತ ಜಾಲಿಯ ಕವಚ. ಸೋರುವುದು ಬಹಳ ಕಡಿಮೆ. ಆದರೆ ಬೆರಳುಗಾತ್ರ, ಮೂಲೆಯಲ್ಲಿ ಬಗ್ಗಿಸಲು ಹೋದರೆ ಮುನಿಯುತ್ತದೆ, ಕವಚವನ್ನು ಎರಡೂ ತುದಿಯಲ್ಲಿ ಸರಿಯಾಗಿ ಜೋಡಿಸದಿದ್ದರೆ ಇದ್ದೂ ಇಲ್ಲದ ಹಾಗೆ. ಮೂರನೆಯದು ಗಾಜಿನೆಳೆ. ಅದರಲ್ಲಿ ಹರಿಯುವುದು ಬೆಳಕು. ಹತ್ತು ಎಳೆಗಳನ್ನು ಒಟ್ಟಿಗೆ ಕಟ್ಟಿದರೂ ಒಂದರ ಬೆಳಕು ಇನ್ನೊಂದಕ್ಕೆ ದಾಟುವುದಿಲ್ಲ. ತುದಿಗಳಲ್ಲಿ ಪರಿವರ್ತಕ ಬೇಕು, ಗಾಜು ಬೆಸೆಯುವ ಕೈ ನಡುಗಬಾರದು, ಅಷ್ಟೇ. ಗಾಜಿನೆಳೆಯೇ ಸರಿ ಎಂದು ಅವಳು ವರದಿ ಕೊಟ್ಟಳು. ಕವಚದ ಕೇಬಲ್ಲೇ ಸಾಲಬಹುದೇ ಎಂದು ಒಂದು ಮಧ್ಯಾಹ್ನ ಪರೀಕ್ಷೆ ಮಾಡಿ ನೋಡುವುದಾಗಿಯೂ ಹೇಳಿದಳು.

ಹಳೇ ಹುಬ್ಬಳ್ಳಿಯ ಮನೆಯಲ್ಲಿ ಅಂದು ಸಂಜೆ ಅತ್ತಿಗೆ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ತ್ರಿವೇಣಿ ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು. ಈಗ ಆ ಮನೆಯಲ್ಲಿ ಇಬ್ಬರೇ ಹೆಂಗಸರು.

"ವೈನಿ, ಅಣ್ಣನ ಮಾತಿನ್ಯಾಗ ನಿಮಗ ಏನರ ಬ್ಯಾರೆ ಅನಸೈತೇನು?"

ಕಸ್ತೂರಿ ನಕ್ಕುಬಿಟ್ಟಳು. "ಅನಸದ ಏನ! ಮೊನ್ನೆ ನನಗ 'ನೀನು ಊಟ ಮಾಡಿದೆಯಾ, ದಣಿದಂತೆ ಕಾಣುತ್ತೀಯಲ್ಲ' ಅಂದ್ರು. ಲಗ್ನ ಆಗಿ ಇಷ್ಟು ವರ್ಷದಾಗ 'ಉಂಡೇನ' ಅಂತ ಒಮ್ಮೆ ಕೇಳಿದವ್ರಲ್ಲ. ಬಿದ್ದ ಮ್ಯಾಲೆ ಶ್ಯಾಣ್ಯಾ ಆಗ್ಯಾರ ನಿಮ್ಮಣ್ಣ." ರೊಟ್ಟಿ ತಿರುವಿ ಹಾಕಿ, ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವ್ರು ಮಾತಾಡೂದು ಕೇಳಾಕ ನಾ ದಿನಾ ಓಡಿ ಬರ್ತೀನಿ ನೋಡ. ಮದ್ಲ ಹಿಂಗ ಇದ್ದಿಲ್ಲ."

ತ್ರಿವೇಣಿ ಅರ್ಧ ರೊಟ್ಟಿಗೇ ತಟ್ಟೆ ಸರಿಸಿ ಎದ್ದಳು.

ಪರೀಕ್ಷೆಗೆ ಅವಳು ಅಣ್ಣನ ಹಾಸಿಗೆಯನ್ನೇ ಆರಿಸಿಕೊಂಡಳು. ಅವನು "ಆಗಲಿ, ನೋಡು" ಎಂದ. ಓಣಿಯ ನೆಲದುದ್ದಕ್ಕೂ ಕಪ್ಪು ಕವಚದ ಕೇಬಲ್ಲು ಹಾಸಿ, ಎರಡೂ ತುದಿ ಬಿಗಿದು, ತಾಮ್ರದ ಕೇಬಲ್ಲನ್ನು ಕಿತ್ತಳು.

"ಅಣ್ಣಾ, ಏನರ ಮಾತಾಡು."

"ಅದು…" ಎಂದಿತು ಸ್ಪೀಕರು. "ಅದು… ಆ…"

ಅಷ್ಟೇ. ತೆರೆಯ ಮೇಲೆ ಅಲೆ ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಗಣಕಕ್ಕೆ ಯಾವ ಶಬ್ದವೂ ಸಿಗುತ್ತಿರಲಿಲ್ಲ. ಜೋಡಣೆ ಸಡಿಲವಾಗಿರಬೇಕೆಂದು ಅವಳು ತುದಿ ಕತ್ತರಿಸಿ ಮತ್ತೆ ಕಟ್ಟಿದಳು. ಮೀಟರಿನ ಪ್ರಕಾರ ಕೇಬಲ್ಲಿನಲ್ಲಿ ಯಾವ ದೋಷವೂ ಇರಲಿಲ್ಲ. "ಅಣ್ಣಾ, ನನ್ನ ಹೆಸರ ಹೇಳು" ಎಂದಳು. ಅಲೆ ಎತ್ತರಕ್ಕೆ ಎದ್ದಿತು. ಸ್ಪೀಕರು ಸುಮ್ಮನಿತ್ತು. ಅವಳು ಓಡಿಹೋಗಿ ತಾಮ್ರವನ್ನು ಮತ್ತೆ ಸಿಕ್ಕಿಸಿದಳು.

"ತ್ರಿವೇಣಿ," ಎಂದ ಗದಿಗೆಪ್ಪ ಕೂಡಲೇ. "ಎಲ್ಲಿಗೆ ಕಳಿಸಿದ್ದೆ ನನ್ನನ್ನು? ಅಲ್ಲಿ ಏನೂ ಇರಲಿಲ್ಲ."

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಅಣ್ಣಾ, ಖರೆ ಹೇಳು. ಈ ಶಬ್ದ ನಿಂಗ ಎಲ್ಲಿಂದ ಬರ್ತಾವು?"

ಉತ್ತರ ನಿಧಾನವಾಗಿ ಬಂತು. "ನನ್ನ ಬಳಿ ಇಲ್ಲ. ಬಿದ್ದ ದಿನವೇ ಹೋದವು. ಊರು ಗೊತ್ತು, ದಾರಿ ಗೊತ್ತು, ಬಸ್ಸಿನ ಬೋರ್ಡು ಮಾತ್ರ ಓದಲಿಕ್ಕೆ ಬರುವುದಿಲ್ಲ, ಹಾಗೆ. ಟೀಚರ್ ಓದಿ ಹೇಳುತ್ತಾರೆ."

"ನಾನೇನೂ ದೊಡ್ಡದು ಮಾಡುತ್ತಿಲ್ಲ." ಪರದೆಯಾಚೆಯಿಂದ ಟೀಚರ ದನಿ. "ಅವರಿಗೆ ಏನು ಬೇಕೋ ನನಗೆ ತೋರುತ್ತದೆ. ಶಬ್ದ ಅಲ್ಲೇ ಇರುತ್ತದೆ, ಕೊಡುತ್ತೇನೆ. ಅದಕ್ಕೆ ಬದಲಾಗಿ ಅವರು ನನ್ನನ್ನು ದಿನಾ ಬಸ್ಸು ಹತ್ತಿಸುತ್ತಾರೆ. ಹೊಸೂರು, ಉಣಕಲ್, ರಾಯಾಪುರ, ನವಲೂರು… ಪೇರಲ ಹಣ್ಣಿನ ವಾಸನೆ ಕೂಡ ಬರುತ್ತದಮ್ಮಾ." ನಡುವೆ ತಡೆದು, "ಹೋಲ್ಡಾನ್!" ಎಂದರು ಟೀಚರ್, ಥೇಟು ಗದಿಗೆಪ್ಪನ ಧಾಟಿಯಲ್ಲಿ. ಹಿಂದೆಯೇ ಎರಡೂ ಸ್ಪೀಕರುಗಳಿಂದ ಒಟ್ಟಿಗೆ ನಗೆ ಬಂತು.

ತ್ರಿವೇಣಿ ಆ ನಗೆಯನ್ನು ಕೇಳುತ್ತ, ಕಟ್ಟಿಯವರ ಮೇಜಿನ ಮೇಲೆ ಕೂತಿರುವ ತನ್ನದೇ ವರದಿಯನ್ನು ನೆನೆದಳು.

ಕಟ್ಟಿ ಗದಿಗೆಪ್ಪನ ಮೆದುಳಿನ ಹಳೆಯ ಚಿತ್ರವನ್ನು ತರಿಸಿ ನೋಡಿದರು. ಎಡಗಿವಿಯ ಮೇಲ್ಭಾಗದಲ್ಲಿ, ಶಬ್ದಗಳನ್ನು ಕೂಡಿಡುವ ಜಾಗದಲ್ಲಿ, ಕಪ್ಪು ಮಚ್ಚೆಯೊಂದಿತ್ತು. "ಮಾತು ಬಂತಲ್ಲ ಅಂತ ನಾವ್ಯಾರೂ ತಿರುಗಿ ನೋಡಲೇ ಇಲ್ಲ," ಎಂದರು ಅವರು, ತಮಗೆ ತಾವೇ.

"ಇವ್ರಿಬ್ಬರನ್ನ ತಾಮ್ರದ ಮ್ಯಾಲೆ ಬಿಟ್ಟುಬಿಡೂಣ ಸರ್. ಉಳದವ್ರಿಗೆಲ್ಲ ಗಾಜು ಹಾಕೂಣ."

"ದೂರು ಕೊಟ್ಟವ್ರನ್ನ ಕೇಳೂಣ ನಡೀರಿ."

ರೇಷ್ಮಾ ಬಂದಳು. ಹಾವೇರಿಯ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ತ್ರಿವೇಣಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಬೇರೆ ಮಾಡಿದರೆ ಅಣ್ಣನ ಮಾತು ಹೋಗುತ್ತದೆ ಎಂಬುದನ್ನೂ ಹೇಳಿದಳು. ರೇಷ್ಮಾ ಅಡ್ಡ ಬಾಯಿ ಹಾಕದೆ ಕೇಳಿದಳು.

"ನಿಮ್ಮ ಅಣ್ಣಾರ ಮ್ಯಾಲೆ ನಂಗ ಸಿಟ್ಟಿಲ್ಲರಿ," ಎಂದಳು ಕೊನೆಗೆ. "ಆದ್ರ ನಮ್ಮ ಅಮ್ಮಿ ಸಾಕಾಗೈತಿ ಅಂದ್ಲು ಅಂತ ನನ್ನ ಕಿವಿಗೆ ಬಿದ್ದೈತಿ. ಅದು ಅಮ್ಮೀದೋ, ನಿಮ್ಮ ಅಣ್ಣಾರದೋ? ರಾತ್ರಿ ನಿದ್ದಿ ಬರವಲ್ದು. ಅಮ್ಮೀನ ಕೇಳಿದ್ರ 'ನಾನು ಆರಾಮಾಗಿದ್ದೇನೆ' ಅಂತೈತಿ ಆ ಪೆಟ್ಟಿಗಿ. ಆ ಮಾತರ ಯಾರದು? ನಮ್ಮ ಅಮ್ಮಿ ಒಬ್ಬಾಕಿನ, ಅಕಿ ಒಬ್ಬಾಕಿ ದನಿನ ನಂಗ ಕೇಳಬೇಕು."

ತನ್ನ ತಾಯಿಯಾಗಿದ್ದರೆ ತಾನೂ ಇದನ್ನೇ ಕೇಳುತ್ತಿದ್ದೆನಲ್ಲವೇ ಎಂದು ತ್ರಿವೇಣಿಗೆ ಅನಿಸಿತು.

"ಟೀಚರನ್ನ, ನಮ್ಮಣ್ಣನ್ನ ಇಬ್ಬರನ್ನೂ ಕೇಳಿಬಿಡೂಣ ಸರ್. ಅವ್ರು ಒಪ್ಪಿದ್ರ?"

ಕಟ್ಟಿ ತಲೆಯಲ್ಲಾಡಿಸಿದರು. "ಇಂಥಾದ್ದನ್ನ ನೋಡೂ ಮನೋಗೌಪ್ಯ ಸಮಿತಿಗೆ ನಾ ಫೋನ್ ಮಾಡಿದ್ದೆ. ಸೋರೋ ತಂತಿ ಮ್ಯಾಲೆ ಬಂದ ಒಪ್ಪಿಗಿ ಒಪ್ಪಿಗೀನ ಅಲ್ಲ ಅಂತಾರ. 'ಹೂಂ' ಅಂದವ್ರು ಯಾರು ಅಂತ ಹೆಂಗ ಹೇಳ್ತೀರಿ ತ್ರಿವೇಣಿ? ಒಬ್ಬರ ಒತ್ತಾಯ ಇನ್ನೊಬ್ಬರ ಬಾಯಾಗ ಬಂದಿದ್ರ? ಮದ್ಲ ಇಬ್ಬರನ್ನೂ ಬ್ಯಾರೆ ಮಾಡ್ರಿ, ಬ್ಯಾರೆ ಬ್ಯಾರೆ ಕೇಳ್ರಿ, ಇಬ್ಬರೂ ಬೇಕು ಅಂದ್ರ ಕೂಡಸ್ರಿ. ಇದು ಅವ್ರ ನಿರ್ಣಯ."

"ಬ್ಯಾರೆ ಮಾಡಿದ್ರ ನಮ್ಮಣ್ಣಗ ಹೇಳಾಕ ಶಬ್ದನ ಇರೂದಿಲ್ಲಲ್ಲರಿ!"

"ಅದನ್ನೂ ಹೇಳಿದೆ." ಕಟ್ಟಿಯವರ ದನಿ ಸಣ್ಣದಾಯಿತು. "ಅವ್ರು ಎಲ್ಲಾ ಬರಕೊಂಡ್ರು. ಆದ್ರ ನಿರ್ಣಯ ಬದಲಿ ಮಾಡಲಿಲ್ಲ."

ಅಂದು ಮನೆಗೆ ಹೋಗಿ ತ್ರಿವೇಣಿ ಅತ್ತಿಗೆಗೆ ಎಲ್ಲ ಹೇಳಬೇಕಾಯಿತು. ಕಸ್ತೂರಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

"ಹಂಗಾರ ಇಷ್ಟ ದಿನ ನನ್ನ ಕೂಡ ಮಾತಾಡಿದ್ದು ಯಾರು?"

"ಅಣ್ಣನ ಮಾತಾಡಿದ್ದು ವೈನಿ. ಶಬ್ದ ಅಷ್ಟ ಟೀಚರ್‌ವು."

"ದಣಿದಂತೆ ಕಾಣುತ್ತೀಯಲ್ಲ ಅಂದದ್ದು?"

ಆ ಮಾತು ಯಾರದೆಂದು ತ್ರಿವೇಣಿಗೂ ಗೊತ್ತಿರಲಿಲ್ಲ. ಕಸ್ತೂರಿ ಮೊರವನ್ನು ಮತ್ತೆ ಎತ್ತಿಕೊಂಡಳು.

"ಯಾರದರ ಇರ್ಲಿ," ಎಂದಳು ಆಮೇಲೆ. "ಮನಿಗೆ ಬಂದು ಹೇಳೂವಂಥ ಮಾತದು. ಅದನ್ನೂ ಕಸಗೋತೀರೇನು ನೀವು?"

'ನೀವು' ಎಂಬ ಮಾತು ತ್ರಿವೇಣಿಯ ಎದೆಗೆ ನಾಟಿತು. ಆ ಮನೆಯಲ್ಲಿ ಅತ್ತಿಗೆ ಅವಳನ್ನು ಎಂದೂ ಹಾಗೆ ಕರೆದಿರಲಿಲ್ಲ.

ಗಾಜಿನೆಳೆ ಬಂತು. ಕೆಲಸದವರು ಸೂರಿನ ಹಲಗೆಗಳನ್ನು ಬಿಚ್ಚಿ ತೆಳ್ಳನೆಯ ಹಳದಿ ಎಳೆಗಳನ್ನು ಹಾಸಿದರು. ಬೆಸೆಯುವ ಕೆಲಸವನ್ನು ತ್ರಿವೇಣಿ ಬೇರೆಯವರಿಗೆ ಬಿಡಲಿಲ್ಲ. ಕೆಟ್ಟ ಬೆಸುಗೆಯಿಂದ ಅಣ್ಣನ ಅಲೆ ಒಂದಿಷ್ಟು ಮಂಕಾದರೂ ಅದು ತನ್ನ ಕೈಯಿಂದಾಗಬಾರದು ಎಂದುಕೊಂಡಿದ್ದಳು. ಗಾಜಿನ ಎರಡು ತುದಿಗಳು ಯಂತ್ರದೊಳಗೆ ಸಮೀಪ ಬಂದು, ಕಿಡಿ ಹಾರಿ, ಒಂದಾದವು. ನಷ್ಟ ಇಲ್ಲವೆಂಬಷ್ಟು ಕಡಿಮೆ ಎಂದು ತೆರೆ ತೋರಿಸಿತು. ಇಷ್ಟು ಒಳ್ಳೆಯ ಬೆಸುಗೆಯನ್ನು ಅವಳು ಹಿಂದೆ ಹಾಕಿರಲಿಲ್ಲ.

ಬದಲಿಸುವ ದಿನ ಬೆಳಿಗ್ಗೆ ಕಸ್ತೂರಿ ಗಂಡನ ಕೈ ಹಿಡಿದು ಕೂತಿದ್ದಳು. ರೇಷ್ಮಾ ಪರದೆಯಾಚೆ ತಾಯಿಯ ಬಳಿ ಇದ್ದಳು.

"ಕಸ್ತೂರಿ," ಎಂದ ಗದಿಗೆಪ್ಪ. "ಅಳಬೇಡ. ಮಾತು ಇಲ್ಲದಾಗಲೂ ನಾನು ಇದ್ದೇನೆಂದು ತಿಳಿದುಕೋ."

"ನಿಮ್ಮ ಮಾತಿನ್ಯಾಗ ಹೇಳ್ರಿ ಒಮ್ಮೆ. ಪುಸ್ತಕದ ಮಾತು ಬ್ಯಾಡ ನಂಗ."

ತೆರೆಯ ಮೇಲೆ ಎರಡೂ ಅಲೆಗಳು ಒಂದರ ಮೇಲೊಂದು ಹೊರಳಿದವು. ಟೀಚರ್ ಅವನಿಗಾಗಿ ಹುಡುಕುತ್ತಿದ್ದಾರೆಂದು ತ್ರಿವೇಣಿಗೆ ಗೊತ್ತಾಯಿತು.

"ನಾ… ಎಲ್ಲಿ ಹೊಕ್ಕೀನಿ," ಎಂದ ಗದಿಗೆಪ್ಪ, ತಡವರಿಸುತ್ತ. "ಇಲ್ಲೇ ಅದೀನಲೇ."

ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡಳು. ಕಟ್ಟಿ ತಲೆಯಾಡಿಸಿದರು. ತ್ರಿವೇಣಿ ಯಂತ್ರಕೋಣೆಗೆ ಹೋಗಿ ಎರಡೂ ತಾಮ್ರದ ತುದಿಗಳನ್ನು ಕಿತ್ತು ಗಾಜಿನ ತುದಿಗಳನ್ನು ಸಿಕ್ಕಿಸಿದಳು. ಎರಡು ಅಲೆಗಳು ತೆರೆಯ ಮೇಲೆ ಬೇರೆಬೇರೆಯಾಗಿ ನಿಂತವು.

ಅವಳು ವಾಪಸು ಬಂದಾಗ ಗದಿಗೆಪ್ಪನ ಕಡೆ ಯಾವ ದನಿಯೂ ಇರಲಿಲ್ಲ. ಟೀಚರ ಹಾಸಿಗೆಯ ಬಳಿ ರೇಷ್ಮಾ ಕೇಳುತ್ತಿದ್ದಳು. ಯಂತ್ರಕ್ಕೆ ಕನ್ನಡವೊಂದನ್ನೇ ಕಲಿಸಿದ್ದರಿಂದ ತಾಯಿ ಮಗಳ ಮಾತೂ ಅಲ್ಲಿ ಕನ್ನಡದಲ್ಲೇ ನಡೆಯುತ್ತಿತ್ತು.

"ಅಮ್ಮೀ, ಈಗ ನೀ ಒಬ್ಬಾಕೀನ ಅದಿ. ಅವತ್ತ ಸಾಕಾಗೈತಿ ಅಂದದ್ದು ಯಾರು?"

"ನಾನೇ," ಎಂದರು ಟೀಚರ್. ದನಿ ಗಾಜಿನಷ್ಟೇ ನಿಚ್ಚಳವಾಗಿತ್ತು. "ಹೆದರಬೇಡ. ದಿನಕ್ಕೊಮ್ಮೆಯಾದರೂ ಅನಿಸುತ್ತದೆ. ಆದರೆ ನೀನು ಅರ್ಧ ಕೇಳಿಸಿಕೊಂಡೆ. ನಾನು ಹಾಗೆ ಅಂದಾಗೆಲ್ಲ ಅವರು 'ಇನ್ನೊಂದು ಸ್ಟಾಪ್ ಟೀಚರ್, ಇಳಿಯೋ ಅವಸರ ಯಾಕೆ' ಎನ್ನುತ್ತಿದ್ದರು. ನಾನು ಕೂತುಬಿಡುತ್ತಿದ್ದೆ."

ಟೀಚರ್ ಸ್ವಲ್ಪ ತಡೆದು ಕೇಳಿದರು: "ಎಲ್ಲಿ ಅವರು? ಇಲ್ಲಿ ಬಹಳ ನಿಶ್ಶಬ್ದವಾಗಿದೆ."

ಮುಂದಿನ ವಾರ ದೂರನ್ನು ವಾಪಸು ಪಡೆಯಲು ರೇಷ್ಮಾ ತಾನಾಗಿಯೇ ಬಂದಳು. ಕಟ್ಟಿಯವರ ಕೋಣೆಯಲ್ಲಿ ನಿಂತೇ ಮಾತಾಡಿದಳು. "ನನ್ನ ತಪ್ಪಾತು ಸರ್. ಕೂಡಸಿಬಿಡ್ರಿ." ದೂರು ಹೋದರೂ ನಿರ್ಣಯ ಹೋಗುವುದಿಲ್ಲವೆಂದು ಅವರು ವಿವರಿಸಬೇಕಾಯಿತು. ಒಮ್ಮೆ ಸಮಿತಿಯ ಕಿವಿಗೆ ಬಿದ್ದ ಸಂಗತಿ ಇನ್ನು ಯಾರೊಬ್ಬರದೂ ಆಗಿ ಉಳಿದಿರಲಿಲ್ಲ. ಟೀಚರ ಒಪ್ಪಿಗೆಯನ್ನು ಗಾಜಿನ ಮೇಲೆ ಕೇಳಿದರು.

"ನನಗೆ ಬೇಕು," ಎಂದರು ಟೀಚರ್. "ಆದರೆ ಅವರನ್ನು ಕೇಳದೆ ಜೋಡಿಸಬೇಡಿ. ಮುದುಕಿಯೊಬ್ಬಳ ಕೊರಗನ್ನೆಲ್ಲ ಹೊತ್ತು ಅವರಿಗೂ ದಣಿವಾಗಿರಬಹುದು. ಬೇಡ ಎನ್ನುವ ಹಕ್ಕು ಅವರಿಗಿದೆ."

ತ್ರಿವೇಣಿಗೆ ಆ ಮಾತು ಕೇಳಿ ಕೂಗಿಕೊಳ್ಳಬೇಕೆನಿಸಿತು. ಅದು ತಪ್ಪು ಮಾತಾಗಿರಲಿಲ್ಲ.

ಕಸ್ತೂರಿ ತಾನು ಹೆಂಡತಿ, ಗಂಡನ ಪರವಾಗಿ ತಾನು ಸಹಿ ಹಾಕುತ್ತೇನೆ ಎಂದಳು. ಆಪರೇಷನ್ನಿಗಾದರೆ ಅದು ನಡೆಯುತ್ತಿತ್ತು. ಇನ್ನೊಬ್ಬರ ಮನಸ್ಸನ್ನು ಒಳಗೆ ಬಿಟ್ಟುಕೊಳ್ಳಲು ಮನೆಯವರ ಸಹಿ ಸಾಲದೆಂದು ಸಮಿತಿ ಬರೆಯಿತು. ತ್ರಿವೇಣಿ ಬೇರೆ ದಾರಿಗಳನ್ನೂ ಹಿಡಿದಳು. ಟೀಚರ ದನಿಯನ್ನು ಅಣ್ಣನ ಕಿವಿಯ ಬಳಿಯೇ ಕೇಳಿಸಿದಳು. ಹೊರಗಿನಿಂದ ಬಂದ ಶಬ್ದ ಅವನೊಳಗೆ ನೆಲೆ ನಿಲ್ಲಲಿಲ್ಲ. ಗಣಕಕ್ಕೆ ಅವನ ಹಳೆಯ ಅಲೆಗಳನ್ನು ತೋರಿಸಿ ಕಲಿಸಲು ನೋಡಿದಳು. ಅವೆಲ್ಲ ಇಬ್ಬರದೂ ಬೆರೆತ ಅಲೆಗಳು, ಬಿಡಿಸಲು ಬರಲಿಲ್ಲ. ಒಂದು ದಿನ ಯಾರಿಗೂ ಹೇಳದೆ ಹಳೆಯ ತಾಮ್ರ ಎಳೆದುಬಿಡೋಣ ಎಂದು ಉಗ್ರಾಣಕ್ಕೂ ಹೋದಳು. ಕಿತ್ತ ತಾಮ್ರವನ್ನು ಗುತ್ತಿಗೆದಾರ ಒಯ್ದಾಗಿತ್ತು. ಹೊಸ ಕೇಬಲ್ಲು ತಂದು ಕಟ್ಟುವುದೇನೂ ದೊಡ್ಡ ಮಾತಲ್ಲ. ಆದರೆ ಟೀಚರ್ ಹೇಳಿದ್ದು ಅವಳ ಕೈ ತಡೆಯಿತು. ಅಣ್ಣ ನಿಜಕ್ಕೂ ಬೇಡ ಎನ್ನುವವನಾಗಿದ್ದರೆ? ಅವನಿಗೆ ಏನು ಬೇಕೆಂಬುದು ಈಗ ಯಾರಿಗೂ ಗೊತ್ತಿರಲಿಲ್ಲ.

ರೇಷ್ಮಾ ತಾಯಿಗಾಗಿ ಒಂದು ರವಿವಾರ ಹುಬ್ಬಳ್ಳಿಯಿಂದ ಧಾರವಾಡದವರೆಗೆ ಬಸ್ಸಿನಲ್ಲಿ ಹೋಗಿ, ನೋಡಿದ್ದನ್ನೆಲ್ಲ ಬಂದು ಹೇಳಿದಳು. ಟೀಚರ್ ಪೂರ್ತಿ ಕೇಳಿದರು. "ಚೆನ್ನಾಗಿ ಹೇಳಿದೆ," ಎಂದರು. "ನೀನು ಹೋಗಿ ಬಂದದ್ದನ್ನು ಹೇಳಿದೆ. ಅವರು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು." ಆಮೇಲೆ ಅವರೂ ಮಾತು ಕಡಿಮೆ ಮಾಡಿದರು.

ಸಮಿತಿ ಕೊನೆಗೆ ಒಂದು ಅವಕಾಶ ಕೊಟ್ಟಿತು. ಗದಿಗೆಪ್ಪನಿಗೆ ನಿಗದಿತ ಪ್ರಶ್ನೆಯೊಂದನ್ನು ಕೇಳಬೇಕು. ಅವನು ಒಂದು ಶಬ್ದದಲ್ಲಿ ಉತ್ತರಿಸಿದರೂ ಸಾಕು. ಪ್ರಶ್ನೆಯ ಅಕ್ಷರ ಕೂಡ ಬದಲಿಸುವ ಹಾಗಿರಲಿಲ್ಲ. ಕಟ್ಟಿ ಸಾಕ್ಷಿಯಾಗಿ ನಿಂತರು. ಕಸ್ತೂರಿ ಗಂಡನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ತ್ರಿವೇಣಿ ಓದಿದಳು:

"ಗದಿಗೆಪ್ಪ ಬಡಿಗೇರ ಅವರೇ, ಜುಲೇಖಾ ಮುಲ್ಲಾ ಅವರ ಮನಸ್ಸಿನೊಂದಿಗೆ ನಿಮ್ಮ ಮನಸ್ಸಿನ ಸಂಪರ್ಕವನ್ನು ಮತ್ತೆ ಕಲ್ಪಿಸಲು ನಿಮ್ಮ ಒಪ್ಪಿಗೆ ಇದೆಯೇ? ಇದೆ ಅಥವಾ ಇಲ್ಲ ಎಂದು ತಿಳಿಸಿ."

ತೆರೆಯ ಮೇಲೆ ಅಲೆ ಎದ್ದಿತು. ತಾಮ್ರದ ದಿನಗಳಲ್ಲಿ ಅವಳು ಅಂಥ ಅಲೆಯನ್ನು ನೋಡಿರಲಿಲ್ಲ. ಗದ್ದಲವಿಲ್ಲ, ಬೆರಕೆಯಿಲ್ಲ, ಒಂದೊಂದು ಮಡಿಕೆಯೂ ಸ್ಪಷ್ಟ. ಎದ್ದು, ಬಾಗಿ, ಮತ್ತೆ ಅದಕ್ಕಿಂತ ಎತ್ತರಕ್ಕೆ ಎದ್ದಿತು. ಗಣಕ ಹುಡುಕಿತು. ಸ್ಪೀಕರಿನ ಹಸಿರು ದೀಪ ಹೊತ್ತಿಕೊಂಡಿತು, ಆರಿತು.

"ಇದೆ ಅನ್ರಿ," ಎಂದಳು ಕಸ್ತೂರಿ, ಅವನ ಮುಖದ ಹತ್ತಿರ ಬಾಗಿ. "ಒಂದ ಶಬ್ದ. ಇದೆ ಅನ್ರಿ. ಇಲ್ಲ ಅನ್ನೂದಿದ್ರ ಇಲ್ಲ ಅನ್ರಿ, ನಾ ಸಿಟ್ಟಾಗೂದಿಲ್ಲ."

ಅಲೆ ಇನ್ನೂ ಎತ್ತರಕ್ಕೆ ಹೋಯಿತು.

"ಏನೋ ಹೇಳಲಿಕ್ಕತ್ತಾನ," ಎಂದರು ಕಟ್ಟಿ.

"ಹೌದ್ರಿ," ಎಂದಳು ತ್ರಿವೇಣಿ.

"ಆದ್ರ ಇದನ್ನ ಒಪ್ಪಿಗಿ ಅಂತ ಬರೀಲಿಕ್ಕೆ ಬರೂದಿಲ್ಲ." ಅವರು ಕಸ್ತೂರಿಯ ಕಡೆ ನೋಡದೆ ಹೇಳಿದರು. "ನಿರಾಕರಣಿ ಅಂತನೂ ಬರೀಲಿಕ್ಕೆ ಬರೂದಿಲ್ಲ."

ಪರದೆಯಾಚೆಯಿಂದ ಟೀಚರ ದನಿ ಬಂತು. "ಅವರು ಏನಾದರೂ ಹೇಳಿದರೇ?"

ಕಸ್ತೂರಿ ಗಂಡನ ಬೆರಳುಗಳನ್ನು ಒಂದೊಂದಾಗಿ ಸವರುತ್ತಿದ್ದಳು. ಟೀಚರ್ ಕಾದು, ಇನ್ನೊಮ್ಮೆ, ಈ ಸಲ ಮೆಲ್ಲಗೆ ಕೇಳಿದರು: "ಹೇಳಿದರೇ ಅಮ್ಮಾ?"

ತ್ರಿವೇಣಿ ತೆರೆಯ ಮುಂದೆ ನಿಂತೇ ಇದ್ದಳು. ಅಲೆ ಏಳುತ್ತಲೇ ಇತ್ತು. ಅಣ್ಣ ಹೇಳುವುದನ್ನು ಇನ್ನೂ ಮುಗಿಸಿರಲಿಲ್ಲ.